ಮೊದಲು ಮ್ಯೂಟ್ ಮಾಡಿ ನೋಡಿ: ಮಲಯದ ‘ಎಮರ್ಜೆನ್ಸಿ’ ಕಾಲದ ಫಿಲ್ಮು, ದನಿ ಹುಡುಕುವುದು ಹೇಗೆ

ಎಮರ್ಜೆನ್ಸಿ ಅಂದ ಕೂಡಲೇ ನಮಗೆ ನೆನಪಾಗುವುದು 1975. ಮಲೇಷ್ಯಾ, ಸಿಂಗಪುರದ ಹಳಬರನ್ನು ಕೇಳಿ, ಅವರು ಬೇರೆಯೇ ಕಥೆ ಹೇಳುತ್ತಾರೆ. 1948ರ ಜೂನ್‌ನಲ್ಲಿ ಶುರುವಾಗಿ 1960ರ ಜುಲೈ 31ಕ್ಕೆ ಮುಗಿದ ಕಾಳಗ ಅದು. ನಡೆದದ್ದು ಬ್ರಿಟಿಷ್ ಮಲಯದ ರಬ್ಬರ್ ತೋಟಗಳಲ್ಲಿ, ತವರದ ಗಣಿಗಳ ಸುತ್ತ, ದಟ್ಟ ಕಾಡಿನಲ್ಲಿ. ಒಂದು ಕಡೆ ಮಲಯನ್ ಕಮ್ಯುನಿಸ್ಟ್ ಪಾರ್ಟಿಯ ಗೆರಿಲ್ಲಾಗಳು, ಅವರಲ್ಲಿ ಹೆಚ್ಚಿನವರು ಚೀನೀಯರು. ಇನ್ನೊಂದು ಕಡೆ ವಸಾಹತು ಸರ್ಕಾರ, ಅದರ ಪೊಲೀಸರು, ಬ್ರಿಟನ್ ಮತ್ತು ಕಾಮನ್‌ವೆಲ್ತ್ ಸೈನಿಕರು, ಗೂರ್ಖಾಗಳು. ಇಷ್ಟಾದರೂ ಯುದ್ಧ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯುದ್ಧ ಅಂದುಬಿಟ್ಟರೆ ತೋಟದ ಮಾಲೀಕರಿಗೆ ವಿಮೆ ಹಣ ಸಿಗುವುದಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ.

ನಾನು ಈ ವಿಷಯಕ್ಕೆ ಬಿದ್ದದ್ದು ಒಂದು ಹಳೆಯ ನ್ಯೂಸ್‌ರೀಲ್ (ಥಿಯೇಟರಿನಲ್ಲಿ ತೋರಿಸುತ್ತಿದ್ದ ಸುದ್ದಿಚಿತ್ರ) ತುಣುಕಿನಿಂದ. ರಬ್ಬರ್ ಹಾಲಿನ ಬಕೆಟ್ ಹಿಡಿದ ಹೆಂಗಸರು ಸಾಲಾಗಿ ಹೋಗುತ್ತಾರೆ. ತಲೆಗೆ ಬಟ್ಟೆ ಸುತ್ತಿದ್ದಾರೆ, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿದ್ದಾರೆ. ಥೇಟ್ ನಮ್ಮ ಕಡೆಯವರು. ಹಿಂದೆ ಮುಳ್ಳುತಂತಿ. ನಿರೂಪಕ ತೋಟದ ದೊರೆಯ ಧೈರ್ಯ ಹೊಗಳುತ್ತಲೇ ಇದ್ದ, ಆ ಹೆಂಗಸರ ಬಗ್ಗೆ ಒಂದು ಮಾತೂ ಇಲ್ಲ. ನಾಲ್ಕು ಸೆಕೆಂಡು ಕಂಡು ಹೋದರು. ಅವರನ್ನು ಹುಡುಕಲು ಹೋಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹುಡುಕುವ ಮೊದಲು ಹೆಸರು ಸರಿ ಮಾಡಿಕೊಳ್ಳಿ

ಸುಮ್ನೆ ‘ಎಮರ್ಜೆನ್ಸಿ’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಇಂದಿರಾ ಗಾಂಧಿ ಬರುತ್ತಾರೆ, ಇಲ್ಲವೇ ಆಸ್ಪತ್ರೆ ಬರುತ್ತದೆ. ‘ಮಲಯನ್ ಎಮರ್ಜೆನ್ಸಿ’ ಅಂತ ಹಾಕಿ. ಮಲೇಷ್ಯಾ ಅಂತ ಹಾಕಬೇಡಿ. ಆ ದೇಶ ಹುಟ್ಟಿದ್ದೇ 1963ರಲ್ಲಿ. ಹಳೆಯ ಕ್ಯಾಟಲಾಗ್‌ಗಳಲ್ಲಿ ಇರುವುದು ‘ಮಲಯ’. ಮಲಯ್ ಭಾಷೆಯಲ್ಲಿ ಇದಕ್ಕೆ ‘ದಾರುರಾತ್’ ಅನ್ನುತ್ತಾರೆ. ಮಲೇಷ್ಯಾದ ಸಂಗ್ರಹಗಳಲ್ಲಿ ಹುಡುಕುವಾಗ ಆ ಪದ ಬೇಕೇ ಬೇಕು.

ಇನ್ನೊಂದು ಕಿತಾಪತಿ ಇದೆ. ಗೆರಿಲ್ಲಾಗಳಿಗೆ ಸರ್ಕಾರ ಇಟ್ಟ ಹೆಸರು ನಡುವೆ ಬದಲಾಯಿತು. ಮೊದಲ ವರ್ಷಗಳಲ್ಲಿ ಅವರು ‘ಬ್ಯಾಂಡಿಟ್’, ಅಂದರೆ ಡಕಾಯಿತರು. 1952ರಿಂದ ‘ಕಮ್ಯುನಿಸ್ಟ್ ಟೆರರಿಸ್ಟ್’, ಚಿಕ್ಕದಾಗಿ ‘ಸಿ.ಟಿ.’ ಹಾಗಾಗಿ 1949ರ ಫಿಲ್ಮು ಬೇಕಿದ್ದರೆ ಬ್ಯಾಂಡಿಟ್ ಅಂತ ಹುಡುಕಿ, 1954ರದ್ದು ಬೇಕಿದ್ದರೆ ಟೆರರಿಸ್ಟ್ ಅಂತ. ತಾರೀಖಿಲ್ಲದ ತುಣುಕು ಸಿಕ್ಕಾಗ ನಿರೂಪಕ ಯಾವ ಪದ ಬಳಸುತ್ತಾನೆ ಅಂತ ಕೇಳಿದರೆ ಕಾಲದ ಅಂದಾಜೂ ಸಿಗುತ್ತದೆ. ಗೆರಿಲ್ಲಾ ಸೈನ್ಯದ ಹೆಸರು ಆಗಿನ ಇಂಗ್ಲಿಷ್ ಕಾಗದಗಳಲ್ಲಿ ‘ಮಲಯನ್ ರೇಸಸ್ ಲಿಬರೇಷನ್ ಆರ್ಮಿ’ ಅಂತಿರುತ್ತದೆ. ಈಗಿನವರು ‘ಮಲಯನ್ ನ್ಯಾಷನಲ್ ಲಿಬರೇಷನ್ ಆರ್ಮಿ’ ಅಂತ ಬರೆಯುತ್ತಾರೆ. ಎರಡನ್ನೂ ಹಾಕಿ ನೋಡಿ.

ಊರಿನ ಹೆಸರುಗಳೂ ಹಾಗೇ. 1972ರಲ್ಲಿ ಮಲಯ್ ಕಾಗುಣಿತ ಬದಲಾಯಿತು. ಈಗಿನ ‘ಸುಂಗೈ’ ಹಳೆಯ ಲೇಬಲ್‌ನಲ್ಲಿ ‘ಸುಂಗೇ’, ಈಗಿನ ‘ಗುನುಂಗ್’ ಆಗ ‘ಗುನೊಂಗ್’. ಜೊಹೊರ್ ಅನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ‘ಇ’ ಇತ್ತು. ಪೋರ್ಟ್ ಕ್ಲಾಂಗ್ ಆಗ ಪೋರ್ಟ್ ಸ್ವೆಟನ್‌ಹ್ಯಾಮ್. ತೆಲುಕ್ ಇಂತಾನ್ ಆಗ ತೆಲೋಕ್ ಆನ್ಸನ್. ಒಂದು ಹಾಳೆಯಲ್ಲಿ ಹಳೆಯದು, ಹೊಸದು ಎರಡನ್ನೂ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಅರ್ಧ ದಿನದ ಕೆಲಸ ಉಳಿಯುತ್ತದೆ.

ಎಲ್ಲಿ ಸಿಗುತ್ತದೆ

ಶುರು ಮಾಡಲು ಒಳ್ಳೆಯ ಜಾಗ ‘ಕಲೋನಿಯಲ್ ಫಿಲ್ಮ್’ ಎಂಬ ಆನ್‌ಲೈನ್ ಕ್ಯಾಟಲಾಗ್. ಬ್ರಿಟಿಷ್ ಸಾಮ್ರಾಜ್ಯದ 6,000ಕ್ಕೂ ಹೆಚ್ಚು ಚಿತ್ರಗಳ ವಿವರ ಅಲ್ಲಿದೆ. ನೋಡಲು ಸಿಗುವುದು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಆದರೆ ಹಲವು ಚಿತ್ರಗಳ ಜೊತೆ ವಿದ್ವಾಂಸರು ಬರೆದ ಟಿಪ್ಪಣಿ ಇದೆ: ಯಾರು ತೆಗೆದರು, ಯಾಕೆ ತೆಗೆದರು, ಯಾರಿಗೆ ತೋರಿಸಿದರು ಅಂತ. ವಿಡಿಯೊ ಸಿಗದಿದ್ದರೂ ಅದನ್ನು ಓದಿ. ದೇಶದ ಪಟ್ಟಿಯಲ್ಲಿ ಮಲಯ ಆರಿಸಿದರೆ ಸಾಕು.

ಎರಡನೆಯದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ. ವಸಾಹತು ಸರ್ಕಾರದ ಚಿತ್ರ ವಿಭಾಗವಾಗಿದ್ದ ಮಲಯನ್ ಫಿಲ್ಮ್ ಯುನಿಟ್ಟಿನ ಹಲವು ಚಿತ್ರಗಳ ಪ್ರತಿ ಅಲ್ಲಿವೆ, ಧ್ವನಿ ಸಂಗ್ರಹವೂ ದೊಡ್ಡದು. ಮೂರನೆಯದು ನ್ಯೂಸ್‌ರೀಲ್ ಕಂಪನಿಗಳದ್ದು. ಬ್ರಿಟಿಷ್ ಪಾಥೆ 2014ರಲ್ಲಿ ಸುಮಾರು 85,000 ಚಿತ್ರಗಳನ್ನು ಯೂಟ್ಯೂಬ್‌ಗೆ ಹಾಕಿತು, ಮರುವರ್ಷ ಬ್ರಿಟಿಷ್ ಮೂವಿಟೋನ್ ಸಂಗ್ರಹವೂ ಬಂತು. ಬೆಂಗಳೂರಲ್ಲಿ, ಹಾಸನದಲ್ಲಿ ಕೂತವರಿಗೆ ಇದೇ ಸುಲಭ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ‘ಬಿಎಫ್‌ಐ ಪ್ಲೇಯರ್’ ಮಾತ್ರ ಇಲ್ಲಿಂದ ತೆರೆಯುವುದಿಲ್ಲ, ಅದು ಬ್ರಿಟನ್ನಿನ ಒಳಗೆ ಇರುವವರಿಗೆ. ಅಲ್ಲಿ ನಿಮ್ಮ ಮಗಳೋ ತಮ್ಮನೋ ಇದ್ದರೆ ಅವರಿಗೆ ಕೆಲಸ ಹಚ್ಚಿ.

ಕ್ವಾಲಾಲಂಪುರದಲ್ಲಿ ಆರ್ಕಿಬ್ ನೆಗಾರ, ಅಂದರೆ ರಾಷ್ಟ್ರೀಯ ದಾಖಲೆ ಭಂಡಾರ. ಸಿಂಗಪುರದಲ್ಲಿ ಕ್ಯಾನಿಂಗ್ ರೈಸ್‌ನಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಆ ಎರಡು ಊರಿನಲ್ಲಿ ಕೆಲಸಕ್ಕಿರುವ ಕನ್ನಡಿಗರು ಒಂದು ಶನಿವಾರ ಹೊಂದಿಸಿಕೊಳ್ಳಬಹುದು. ಆದರೆ ಓದುಕೋಣೆ ಯಾವ ದಿನ ತೆರೆದಿರುತ್ತದೆ, ಫಿಲ್ಮ್ ನೋಡಲು ಮೊದಲೇ ಹೇಳಿರಬೇಕೇ ಅಂತ ಇ–ಮೇಲ್ ಮಾಡಿ ಕೇಳಿಕೊಂಡೇ ಹೋಗಿ.

ಮೊದಲ ಸಲ ಸೌಂಡ್ ತೆಗೆದು ನೋಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆ ಕಾಲದ ನ್ಯೂಸ್‌ರೀಲ್ ಕ್ಯಾಮೆರಾದವರು ಕಾಡಿನಲ್ಲಿ ಬಹುತೇಕ ಮೂಕ ಫಿಲ್ಮನ್ನೇ ತೆಗೆಯುತ್ತಿದ್ದರು. ಧ್ವನಿ ಹಿಡಿಯುವ ಯಂತ್ರ ಭಾರ, ಹೊತ್ತುಕೊಂಡು ಕೆಸರಿನಲ್ಲಿ ನಡೆಯಲು ಆಗುವುದಿಲ್ಲ. ಗುಂಡಿನ ಸದ್ದು, ಹಕ್ಕಿಯ ಕೂಗು, ಸಂಗೀತ, ನಿರೂಪಣೆ ಎಲ್ಲವೂ ಆಮೇಲೆ ಸ್ಟುಡಿಯೊದಲ್ಲಿ ಅಂಟಿಸಿದ್ದು. ಅಂದರೆ ನೀವು ಕೇಳುವ ‘ಢಂ’ ಮಲಯದ್ದೇ ಅಲ್ಲದಿರಬಹುದು. ಚಿತ್ರ ಒಂದು ದಾಖಲೆ, ಸೌಂಡ್ ಇನ್ನೊಂದು. ಎರಡನ್ನೂ ಬೇರೆ ಬೇರೆ ಓದಬೇಕು.

ಹಾಗಾಗಿ ಮ್ಯೂಟ್ ಒತ್ತಿ. ಎರಡು ಮೂರು ನಿಮಿಷದ ರೀಲು, ಪೂರ್ತಿ ನೋಡಿ. ಆಮೇಲೆ ಈ ಕೆಲವನ್ನು ಕೇಳಿಕೊಳ್ಳಿ.

ಕ್ಯಾಮೆರಾ ಎಲ್ಲಿ ನಿಂತಿದೆ? ಸೈನಿಕರು ಬಂದೂಕು ಹಿಡಿದು ಹುಷಾರಾಗಿ ಕ್ಯಾಮೆರಾದ ಕಡೆಗೇ ಬರುತ್ತಿದ್ದಾರೆ ಅಂದುಕೊಳ್ಳಿ. ಹಾಗಾದರೆ ಕ್ಯಾಮೆರಾದವನು ಅವರಿಗಿಂತ ಮುಂದೆ, ಶತ್ರು ಇರಬೇಕಾದ ಕಡೆ, ಆರಾಮಾಗಿ ನಿಂತಿದ್ದಾನೆ! ಅಂದರೆ ಅದು ಮಾಡಿಸಿ ತೆಗೆದ ದೃಶ್ಯ. ಅದರಿಂದ ಬೆಲೆ ಕಡಿಮೆ ಆಗುವುದಿಲ್ಲ. ಉಡುಪು, ಬೂಟು, ಬಂದೂಕು ಎಲ್ಲ ನಿಜದ್ದೇ. ಆದರೆ ಹೊಂಚು ದಾಳಿಯ ಸಾಕ್ಷಿ ಅಂತ ಅದನ್ನು ತೋರಿಸಬಾರದು. ಹೈಕಮಿಷನರ್ ಸರ್ ಹೆನ್ರಿ ಗರ್ನಿ 1951ರ ಅಕ್ಟೋಬರ್ 6ರಂದು ಫ್ರೇಸರ್ಸ್ ಹಿಲ್ ದಾರಿಯಲ್ಲಿ ಗುಂಡಿಗೆ ಬಲಿಯಾದರು. ದೇಶದ ಅತಿ ದೊಡ್ಡ ಅಧಿಕಾರಿಯ ಆ ಸಾವನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ. ಗೆರಿಲ್ಲಾ ಯುದ್ಧದಲ್ಲಿ ಕ್ಯಾಮೆರಾ ಯಾವತ್ತೂ ತಡವಾಗಿಯೇ ಬರುತ್ತದೆ.

ಹಿನ್ನೆಲೆಯಲ್ಲಿ ಏನಿದೆ? 1950ರಲ್ಲಿ ಜನರಲ್ ಹೆರಾಲ್ಡ್ ಬ್ರಿಗ್ಸ್ ಹಾಕಿದ ಯೋಜನೆಯಂತೆ ಕಾಡಂಚಿನಲ್ಲಿದ್ದ ಸುಮಾರು 5 ಲಕ್ಷ ಜನರನ್ನು, ಹೆಚ್ಚಾಗಿ ಚೀನೀ ಬಡ ರೈತರನ್ನು, ಎಬ್ಬಿಸಿ 400ಕ್ಕೂ ಹೆಚ್ಚು ‘ಹೊಸ ಹಳ್ಳಿ’ಗಳಿಗೆ ಸಾಗಿಸಿದರು. (ಈ ಬ್ರಿಗ್ಸ್ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ನಮ್ಮ 5ನೇ ಇಂಡಿಯನ್ ಡಿವಿಷನ್ ನಡೆಸಿದವರು.) ಗೆರಿಲ್ಲಾಗಳಿಗೆ ಅಕ್ಕಿ, ಔಷಧಿ, ಸುದ್ದಿ ಸಿಗದಂತೆ ಮಾಡುವುದು ಉದ್ದೇಶ. ಇದರ ಬಗ್ಗೆ ಸರ್ಕಾರ ಬೇಕಾದಷ್ಟು ಚಿತ್ರ ಮಾಡಿಸಿತು. ಲಾರಿಯಿಂದ ಇಳಿಯುವ ಪಾತ್ರೆಪಗಡ, ಕೋಳಿಬುಟ್ಟಿ, ಹೊಸ ಶಾಲೆ, ನರ್ಸು, ನಗುವ ಮಗು. ಮುಂದಿರುವುದು ಮಗು, ಅದು ಕಾಣಲಿ ಅಂತಲೇ ಇಟ್ಟದ್ದು. ನೀವು ಚಿತ್ರ ನಿಲ್ಲಿಸಿ ಅದರ ಭುಜದ ಹಿಂದೆ ನೋಡಿ. ಬೇಲಿ ಎಷ್ಟು ಸಾಲು? ಕಾವಲು ಗೋಪುರ ಇದೆಯೇ? ಗೇಟಿನಲ್ಲಿ ಯಾರು ಯಾರ ಚೀಲ ತಡಕುತ್ತಿದ್ದಾರೆ? ಅಂಗಡಿಯವನು ಮಾರುವ ಮೊದಲು ಡಬ್ಬಿಗೆ ತೂತು ಹೊಡೆಯುವುದು ಕಂಡರೆ ಅದು ಚಿನ್ನದಂಥ ದೃಶ್ಯ. ತೂತಾದ ಡಬ್ಬಿಯ ತಿಂಡಿಯನ್ನು ಕಾಡಿಗೆ ಸಾಗಿಸಿ ಕೂಡಿಡಲು ಆಗುವುದಿಲ್ಲ, ಅದಕ್ಕೇ ಆ ನಿಯಮ.

ಫಿಲ್ಮಿನ ಓಟ ಸರಿಯಾಗಿದೆಯೇ? ತೋಟದ ದೊರೆಗಳ ಮನೆಯವರು ತೆಗೆದ ಹೋಮ್ ಮೂವಿಗಳೂ ಸಂಗ್ರಹಗಳಲ್ಲಿವೆ. ಎಷ್ಟೋ ಬಣ್ಣದವು, ಶಬ್ದ ಇಲ್ಲ. ಸೆಕೆಂಡಿಗೆ 16 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಜನ ಇರುವೆಗಳ ಹಾಗೆ ಓಡಾಡುತ್ತಾರೆ. ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಆಗ ಮುಖ ಕಾಣುತ್ತದೆ. ನನಗೆ ಸರ್ಕಾರಿ ಚಿತ್ರಗಳಿಗಿಂತ ಇವೇ ಇಷ್ಟ. ಹುಟ್ಟುಹಬ್ಬದ ಕೇಕು, ನಾಯಿ, ಅದರ ಪಕ್ಕದಲ್ಲೇ ಕಬ್ಬಿಣದ ತಗಡು ಹೊದಿಸಿದ ಕಾರು. ಯಾರನ್ನೂ ಒಪ್ಪಿಸಲು ತೆಗೆದದ್ದಲ್ಲ, ಅದಕ್ಕೇ ಜಾಸ್ತಿ ಹೇಳುತ್ತವೆ.

ಒಂದು ಎಚ್ಚರಿಕೆ. ಕಥಾಚಿತ್ರದ ತುಣುಕನ್ನು ‘ಅಸಲಿ ದೃಶ್ಯ’ ಅಂತ ಯೂಟ್ಯೂಬ್‌ಗೆ ಹಾಕುವವರಿದ್ದಾರೆ. 1952ರ ‘ದಿ ಪ್ಲಾಂಟರ್ಸ್ ವೈಫ್’ ಚಿತ್ರದಲ್ಲಿ ರಬ್ಬರ್ ತೋಟದ ಮೇಲಿನ ದಾಳಿ ಭರ್ಜರಿಯಾಗಿದೆ. ಅದರ ಬಹುಭಾಗ ತೆಗೆದದ್ದು ಸಿಲೋನ್‌ನಲ್ಲಿ ಮತ್ತು ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊದಲ್ಲಿ.

ಈಗ ಸೌಂಡ್ ಹಾಕಿ

ಎರಡನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಬೇಕಿದ್ದರೆ ನಿರೂಪಣೆಯನ್ನು ಪೂರ್ತಿ ಬರೆದುಕೊಳ್ಳಿ, ಎರಡು ಮೂರು ನಿಮಿಷದ್ದು ಅಷ್ಟೇನೂ ಉದ್ದ ಇರುವುದಿಲ್ಲ. ಯಾರಿಗೆ ಹೆಸರಿದೆ, ಯಾರಿಗೆ ಇಲ್ಲ ಅಂತ ಗುರುತು ಹಾಕಿ. ಬ್ರಿಟಿಷ್ ಅಧಿಕಾರಿಗೆ ಹೆಸರು, ಪದವಿ ಎರಡೂ ಇರುತ್ತವೆ. ಕೂಲಿಯವರು ‘ತಮಿಳರು’, ಹಳ್ಳಿಯವರು ‘ಚೀನೀಯರು’, ಅಷ್ಟೇ.

ಮಲಯನ್ ಫಿಲ್ಮ್ ಯುನಿಟ್ 1946ರಲ್ಲಿ ಕ್ವಾಲಾಲಂಪುರದಲ್ಲಿ ಶುರುವಾಯಿತು. ಮುಂದೆ ಅದೇ ಫಿಲೆಮ್ ನೆಗಾರ ಆಯಿತು. ಅದರ ಚಿತ್ರಗಳು ಇಂಗ್ಲಿಷ್, ಮಲಯ್, ಚೀನೀ, ತಮಿಳು ನಿರೂಪಣೆಯಲ್ಲಿ ತಯಾರಾಗುತ್ತಿದ್ದವು. ವ್ಯಾನಿನಲ್ಲಿ ಪ್ರೊಜೆಕ್ಟರ್ ಇಟ್ಟು ಹಳ್ಳಿ ಹಳ್ಳಿಗೆ ಹೋಗಿ ತೋರಿಸುತ್ತಿದ್ದರು. ನಮ್ಮಲ್ಲಿ ವಾರ್ತಾ ಇಲಾಖೆಯ ವ್ಯಾನು ಬಂದು ಶಾಲೆ ಮೈದಾನದಲ್ಲಿ ಬಿಳಿ ಪರದೆ ಕಟ್ಟುತ್ತಿತ್ತಲ್ವಾ, ಹಾಗೆ. ಒಂದೇ ಚಿತ್ರದ ಎರಡು ಭಾಷೆಯ ಪ್ರತಿ ಸಿಕ್ಕರೆ ಬಿಡಬೇಡಿ. ಕೋಲಾರದವರಿಗೆ, ಬೆಂಗಳೂರಿನವರಿಗೆ ತಮಿಳು ಬರುತ್ತದೆ, ಅದು ಇಲ್ಲಿ ದೊಡ್ಡ ಆಸ್ತಿ. ಇಂಗ್ಲಿಷ್ ನಿರೂಪಣೆಯಲ್ಲಿ ಇಲ್ಲದ ಯಾವ ಮಾತು ತಮಿಳಿನಲ್ಲಿದೆ, ಇದ್ದದ್ದರಲ್ಲಿ ಯಾವುದನ್ನು ಬಿಟ್ಟಿದ್ದಾರೆ ಅಂತ ಸಾಲು ಸಾಲಾಗಿ ಹೋಲಿಸಿ.

ತಾರೀಖು ತಾಳೆ ಹಾಕುವುದು

ನ್ಯೂಸ್‌ರೀಲ್ ಮೇಲಿರುವ ತಾರೀಖು ಬಿಡುಗಡೆಯದ್ದು, ಘಟನೆಯದ್ದಲ್ಲ. ಫಿಲ್ಮು ವಿಮಾನದಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿ ಎಡಿಟ್ ಆಗಿ, ಆಮೇಲೆ ಥಿಯೇಟರಿಗೆ ಬರಬೇಕಿತ್ತು. ನಿಜವಾದ ದಿನ ತಿಳಿಯಲು ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯದ ‘ನ್ಯೂಸ್‌ಪೇಪರ್‌ಎಸ್‌ಜಿ’ ತೆರೆಯಿರಿ. ಹಳೆಯ ‘ಸ್ಟ್ರೇಟ್ಸ್ ಟೈಮ್ಸ್’ ಅಲ್ಲಿ ಪುಕ್ಕಟೆ ಸಿಗುತ್ತದೆ. ಬಿಡುಗಡೆಯ ದಿನದಿಂದ ಹಿಂದಕ್ಕೆ ಎರಡು ಮೂರು ವಾರ ಊರಿನ ಹೆಸರು ಹಾಕಿ ಹುಡುಕಿ.

ಪೇಪರು ಓದುವುದರಿಂದ ಇನ್ನೊಂದು ಲಾಭ ಇದೆ, ಚಿತ್ರದ ಆಚೆ ಏನಿತ್ತು ಅಂತ ತಿಳಿಯುತ್ತದೆ. 1952ರ ಮಾರ್ಚ್‌ನಲ್ಲಿ ತಂಜೊಂಗ್ ಮಾಲಿಮ್ ಊರಿನ ಬಳಿ ಗೆರಿಲ್ಲಾಗಳು 12 ಜನರನ್ನು ಕೊಂದರು. ಹೊಸ ಹೈಕಮಿಷನರ್ ಜೆರಾಲ್ಡ್ ಟೆಂಪ್ಲರ್ ಊರಿಗೇ ದಿನಕ್ಕೆ 22 ಗಂಟೆ ಕರ್ಫ್ಯೂ ಹಾಕಿದರು, ಅಕ್ಕಿ ಪಡಿತರ ಕಡಿತ ಮಾಡಿದರು. ಆಮೇಲೆ ಮನೆ ಮನೆಗೆ ಪ್ರಶ್ನೆಪತ್ರ ಕೊಟ್ಟು, ಗೊತ್ತಿದ್ದದ್ದನ್ನು ಬರೆದು ಬೀಗ ಹಾಕಿದ ಪೆಟ್ಟಿಗೆಗೆ ಹಾಕಿ ಅಂದರು. ಪೆಟ್ಟಿಗೆ, ಕಾಗದ, ಸರತಿ ಇವೆಲ್ಲ ಚಿತ್ರಕ್ಕೆ ಚೆನ್ನಾಗಿ ಕಾಣುತ್ತವೆ. ಹಸಿವು ಕಾಣುವುದಿಲ್ಲ.

ದನಿಗಳು

ಧ್ವನಿ ದಾಖಲೆಗಳಲ್ಲಿ ಎರಡು ಬಗೆ. ಆಗಲೇ ಹಿಡಿದದ್ದು ಮತ್ತು ವರ್ಷಗಳ ನಂತರ ನೆನಪು ಮಾಡಿಕೊಂಡು ಹೇಳಿದ್ದು.

ಆಗಿನದ್ದು ಕಡಿಮೆ. ರೇಡಿಯೊ ಮಲಯ ನಾಲ್ಕೂ ಭಾಷೆಯಲ್ಲಿ ಬಿತ್ತರಿಸುತ್ತಿತ್ತು, ಹಳ್ಳಿಗಳಿಗೆ ಸಮುದಾಯ ರೇಡಿಯೊ ಪೆಟ್ಟಿಗೆ ಕೊಟ್ಟಿದ್ದರು. ಆದರೆ ಅವತ್ತಿನ ದಿನನಿತ್ಯದ ಪ್ರಸಾರವನ್ನು ಕೂಡಿಡುವ ರೂಢಿ ಎಲ್ಲಿಯೂ ಅಷ್ಟಾಗಿ ಇರಲಿಲ್ಲ. ಇನ್ನೊಂದು ವಿಚಿತ್ರ ಏರ್ಪಾಡು ‘ವಾಯ್ಸ್ ಏರ್‌ಕ್ರಾಫ್ಟ್’. ಡಕೋಟಾ ವಿಮಾನಕ್ಕೆ ಲೌಡ್‌ಸ್ಪೀಕರ್ ಕಟ್ಟಿ, ಶರಣಾದ ಗೆರಿಲ್ಲಾನ ದನಿಯಲ್ಲೇ ಕಾಡಿನ ಮೇಲೆ ‘ಹೊರಗೆ ಬನ್ನಿ, ನಿಮಗೇನೂ ಮಾಡುವುದಿಲ್ಲ’ ಅಂತ ಹಾಕುತ್ತಿದ್ದರು. ಚಿಕ್ಕ ಸಂದೇಶ, ಸುತ್ತು ಹೊಡೆಯುತ್ತಾ ಮತ್ತೆ ಮತ್ತೆ. ಒಂದು ಕ್ಷಣ ಕಲ್ಪಿಸಿಕೊಳ್ಳಿ, ಕಾಡಿನೊಳಗೆ ಹಸಿದು ಕೂತವನಿಗೆ ಹೋದ ತಿಂಗಳವರೆಗೆ ಜೊತೆಗಿದ್ದವನ ದನಿ ಆಕಾಶದಿಂದ ಕೇಳುತ್ತದೆ. ಇದರ ಬಗ್ಗೆ ತಿಳಿಯಬೇಕಾದರೆ ವಾಯುಪಡೆಯಲ್ಲಿ ಇದ್ದವರ ಸಂದರ್ಶನಗಳಲ್ಲಿ ಹುಡುಕಿ.

ಸಂದರ್ಶನಗಳು ರಾಶಿ ಇವೆ. ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಿಂದ ಮಾಡುತ್ತಾ ಬಂದಿದೆ, ಎಷ್ಟೋ ಆನ್‌ಲೈನಿನಲ್ಲೇ ಕೇಳಬಹುದು. ಪ್ರತಿ ಸಂದರ್ಶನದ ಕೆಳಗೆ ರೀಲು 1, ರೀಲು 2 ಅಂತ ಸಾರಾಂಶ ಇರುತ್ತದೆ. ಒಂದು ರೀಲು ಹೆಚ್ಚುಕಡಿಮೆ ಅರ್ಧ ಗಂಟೆ. ಮೊದಲು ಸಾರಾಂಶ ಓದಿ, ಬೇಕಾದ ರೀಲಿಗೇ ಹೋಗಿ. ನಾನು ಮೊದಮೊದಲು ಇದು ಗೊತ್ತಿಲ್ಲದೆ ಒಬ್ಬ ಸಿಪಾಯಿಯ ಬಾಲ್ಯದ ಕಥೆಯನ್ನೇ ಎರಡು ರಾತ್ರಿ ಕೇಳಿದ್ದೆ. ಆದರೆ ಅಲ್ಲಿ ಮಾತಾಡುವವರು ಹೆಚ್ಚಾಗಿ ಬ್ರಿಟಿಷರು. ಅದಕ್ಕೆ ಸಿಂಗಪುರದ ಓರಲ್ ಹಿಸ್ಟರಿ ಸೆಂಟರ್ ನೋಡಿ. 1979ರಲ್ಲಿ ಶುರುವಾದದ್ದು. ಮ್ಯಾಂಡರಿನ್, ಹೊಕ್ಕಿಯನ್, ಮಲಯ್, ತಮಿಳು, ಇಂಗ್ಲಿಷ್ ಎಲ್ಲ ದನಿಗಳೂ ಅಲ್ಲಿವೆ. ಕೆಲವಕ್ಕೆ ಬರಹದ ಪ್ರತಿಯೂ ಇದೆ. ಕೆಲವನ್ನು ಕೇಳಲು ಅನುಮತಿ ಬೇಕು. ನನ್ನ ನಾಲ್ಕು ಸೆಕೆಂಡಿನ ಹೆಂಗಸರ ಲೋಕ ಎಂಥದ್ದಿತ್ತು ಅಂತ ಸ್ವಲ್ಪವಾದರೂ ಗೊತ್ತಾಗಿದ್ದು ತಮಿಳು ಸಂದರ್ಶನಗಳಿಂದ.

ಕೇಳುವಾಗ ರೆಕಾರ್ಡ್ ಆದ ವರ್ಷ ಮರೆಯಬೇಡಿ. 1950ರ ಮಾತನ್ನು 1985ರಲ್ಲಿ ಹೇಳುವಾಗ 35 ವರ್ಷದ ಬೇರೆ ಮಾತುಗಳೂ ಅದರಲ್ಲಿ ಕಲೆತಿರುತ್ತವೆ. ಹೇಳುವವರು ತಡವರಿಸುವ ಜಾಗದಲ್ಲಿ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿ. ಬರಹದ ಪ್ರತಿಯಲ್ಲಿ ಆ ತಡವರಿಕೆ ಇರುವುದಿಲ್ಲ.

ಕಾಡಿನ ಒಳಗಿದ್ದವರು

ಇಲ್ಲಿಯ ತನಕ ಹೇಳಿದ ಫಿಲ್ಮೆಲ್ಲ ಬೇಲಿಯ ಈಚೆ ನಿಂತವರು ತೆಗೆದದ್ದು. ಆಚೆಯವರು ಕ್ಯಾಮೆರಾಕ್ಕೆ ಎದುರಾದ ಒಂದು ದೊಡ್ಡ ಸಂದರ್ಭ ಎಂದರೆ ಬಾಲಿಂಗ್ ಮಾತುಕತೆ. 1955ರ ಡಿಸೆಂಬರ್ 28, 29ರಂದು ಕೆಡಾ ರಾಜ್ಯದ ಒಂದು ಶಾಲೆಯಲ್ಲಿ ನಡೆಯಿತು. ಸರ್ಕಾರದ ಕಡೆ ಮಲಯದ ಮುಖ್ಯಮಂತ್ರಿ ತುಂಕು ಅಬ್ದುಲ್ ರಹಮಾನ್, ಸಿಂಗಪುರದ ಮುಖ್ಯಮಂತ್ರಿ ಡೇವಿಡ್ ಮಾರ್ಷಲ್, ಮಲಯದ ಚೀನೀಯರ ನಾಯಕ ತಾನ್ ಚೆಂಗ್ ಲಾಕ್. ಆ ಕಡೆ ಪಾರ್ಟಿಯ ನಾಯಕ ಚಿನ್ ಪೆಂಗ್, ಜೊತೆಗೆ ಚೆನ್ ತಿಯೆನ್, ರಶೀದ್ ಮೈದಿನ್. ಏಳು ವರ್ಷ ಪೋಸ್ಟರಿನಲ್ಲಿ ಮಾತ್ರ ಕಂಡಿದ್ದ ಚಿನ್ ಪೆಂಗ್ ಕಾಡಿನಿಂದ ಹೊರಗೆ ಬಂದಾಗ ನೋಡುವವರಿಗೆ ಅಚ್ಚರಿ. 31 ವರ್ಷದ ಯುವಕ! ಕರೆದೊಯ್ಯಲು ಬಂದದ್ದು ಬ್ರಿಟಿಷ್ ಅಧಿಕಾರಿ ಜಾನ್ ಡೇವಿಸ್. ಜಪಾನೀಯರ ವಿರುದ್ಧ ಇಬ್ಬರೂ ಇದೇ ಕಾಡುಗಳಲ್ಲಿ ಜೊತೆಯಾಗಿ ಹೋರಾಡಿದ್ದರು, ಚಿನ್ ಪೆಂಗ್‌ಗೆ ಬ್ರಿಟಿಷರೇ ಅದಕ್ಕೆ ಒಬಿಇ ಪದಕ ಘೋಷಿಸಿ ಆಮೇಲೆ ವಾಪಸು ಪಡೆದಿದ್ದರು. ನ್ಯೂಸ್‌ರೀಲ್‌ನಲ್ಲಿ ಇವರ ಬರುವಿಕೆ ಇದೆ, ಒಳಗಿನ ಮಾತು ಇಲ್ಲ. ಮಾತಿಗೆ ಬರಹದ ದಾಖಲೆಯನ್ನೇ ನೋಡಬೇಕು. ಮಾತುಕತೆ ಮುರಿಯಿತು.

ಗೆರಿಲ್ಲಾ ರೇಡಿಯೊ ಅಂತ ಯಾರಾದರೂ ಟೇಪು ಕೊಟ್ಟರೆ ಹುಷಾರು. ‘ಸುವಾರ ರೆವೊಲುಸಿ ಮಲಯ’ ಎಂಬ ಕೇಂದ್ರ ಚೀನಾದ ಹುನಾನ್‌ನಿಂದ ಬಿತ್ತರಿಸಿದ್ದು 1969ರಿಂದ 1981ರವರೆಗೆ. ಮಲಯ 1957ರಲ್ಲೇ ಸ್ವತಂತ್ರವಾಗಿತ್ತು. ಅದು ವಸಾಹತು ಕಾಲದ ದನಿ ಅಲ್ಲ.

ಮಾಜಿ ಗೆರಿಲ್ಲಾಗಳು ನಿರಾಳವಾಗಿ ಮಾತಾಡಿದ್ದು 1989ರ ಡಿಸೆಂಬರ್‌ನಲ್ಲಿ ಪಾರ್ಟಿ ಹೋರಾಟ ಕೈಬಿಟ್ಟ ಹಾತ್ ಯಾಯ್ ಶಾಂತಿ ಒಪ್ಪಂದ ಆದ ಮೇಲೆ. ದಕ್ಷಿಣ ಥಾಯ್ಲೆಂಡಿನ ಬೆಟೊಂಗ್ ಸುತ್ತಲಿನ ಹಳ್ಳಿಗಳಲ್ಲಿ ನೆಲೆಸಿದ ಅವರನ್ನು ಸಾಕ್ಷ್ಯಚಿತ್ರದವರು ಹುಡುಕಿಕೊಂಡು ಹೋದರು. ಮಲೇಷ್ಯಾದಲ್ಲಿ ಇಂಥ ಚಿತ್ರಗಳಿಗೆ ದಾರಿ ಸುಲಭ ಇರಲಿಲ್ಲ. ಅಮಿರ್ ಮುಹಮ್ಮದ್ ಅವರ ‘ಲೆಲಾಕಿ ಕೊಮುನಿಸ್ ತೆರಾಖಿರ್’ (ಕೊನೆಯ ಕಮ್ಯುನಿಸ್ಟ್) 2006ರಲ್ಲಿ ನಿಷೇಧವಾಯಿತು. ಇನ್ನು ಬಾತಂಗ್ ಕಾಲಿ. 1948ರ ಡಿಸೆಂಬರ್ 12ರಂದು ಬ್ರಿಟಿಷ್ ಸೈನ್ಯದ ಸ್ಕಾಟ್ಸ್ ಗಾರ್ಡ್ಸ್ ತುಕಡಿ 24 ಜನ ನಿರಾಯುಧ ಹಳ್ಳಿಗರನ್ನು ಕೊಂದ ಜಾಗ. ಬದುಕುಳಿದವರ ದನಿ ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ಬಂದದ್ದು 1992ರಲ್ಲಿ, 44 ವರ್ಷ ಕಳೆದ ಮೇಲೆ.

ಟಿಪ್ಪಣಿ, ಅನುಮತಿ

ನೋಡಿದ ಪ್ರತಿಯೊಂದಕ್ಕೂ ಕ್ಯಾಟಲಾಗ್ ನಂಬರು, ನಿಮಿಷ–ಸೆಕೆಂಡು, ನೋಡಿದ ದಿನ ಬರೆದಿಡಿ. ನಾನು ಬರೆಯಲಿಲ್ಲ. ಮೊದಲು ಹೇಳಿದೆನಲ್ಲ, ಆ ಹೆಂಗಸರ ತುಣುಕು? ಅದು ಮತ್ತೆ ಸಿಗಲು ಮೂರು ತಿಂಗಳು ಬೇಕಾಯಿತು, ಸಿಕ್ಕಾಗ ಅದರ ಶೀರ್ಷಿಕೆಯಲ್ಲಿ ಮಲಯ ಎಂಬ ಪದವೇ ಇರಲಿಲ್ಲ. ಯೂಟ್ಯೂಬಿನಲ್ಲಿದೆ ಅಂದ ಮಾತ್ರಕ್ಕೆ ಇಳಿಸಿಕೊಂಡು ನಿಮ್ಮ ವಿಡಿಯೊದಲ್ಲಿ ಹಾಕುವ ಹಾಗಿಲ್ಲ, ನ್ಯೂಸ್‌ರೀಲ್‌ಗಳಿಗೆ ಹಕ್ಕುದಾರರಿದ್ದಾರೆ. ತರಗತಿಗೋ ಸಭೆಗೋ ಬೇಕಿದ್ದರೆ ಕೇಳಿ, ಉತ್ತರ ಬರುತ್ತದೆ.

ಕೊನೆಗೆ, ಮನೆಯಲ್ಲಿ ಮಲಯದ ತೋಟದಿಂದ ವಾಪಸು ಬಂದವರು ಇದ್ದು, ಅಟ್ಟದ ಮೇಲೆ ಫಿಲ್ಮಿನ ಸುರುಳಿ ಸಿಕ್ಕರೆ ಹಳೆಯ ಪ್ರೊಜೆಕ್ಟರಿಗೆ ಹಾಕಬೇಡಿ, ಹರಿದುಹೋಗುತ್ತದೆ. ಡಬ್ಬಿ ತೆರೆದು ಮೂಸಿ. ವಿನೆಗರ್ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ ಅಂತ ಅರ್ಥ. ಬೇರೆ ಸುರುಳಿಗಳಿಂದ ದೂರ ಇಡಿ, ತಂಪಾದ ಒಣ ಜಾಗದಲ್ಲಿಡಿ, ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಬರೆದು ಸಲಹೆ ಕೇಳಿ. ಸುರುಳಿ ಇಲ್ಲದೆ ಬರೀ ಅಜ್ಜಿ ಇದ್ದರೆ ಅವರಿಗೆ ಲ್ಯಾಪ್‌ಟಾಪಿನಲ್ಲಿ ಒಂದು ರೀಲು ಮ್ಯೂಟ್ ಮಾಡಿ ತೋರಿಸಿ. ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಆನ್ ಇರಲಿ. ‘ಅಜ್ಜಿ, ರೆಕಾರ್ಡ್ ಮಾಡ್ಲಾ’ ಅಂತ ಮೊದಲೇ ಕೇಳಿ, ಒಪ್ಪಿದರೆ ಅವತ್ತಿನ ತಾರೀಖು, ಅವರ ಹೆಸರು, ತೋಟದ ಹೆಸರು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಸುಮ್ಮನೆ ಕೂತುಕೊಳ್ಳಿ.